ಮಾವನ ಉಜ್ಜುಗೊರಡಿನ ಹೊಟ್ಟೆ

ನನ್ನ ಷಡ್ಡಕನನ್ನು ಎಲ್ಲರೂ ಕರೆಯುವುದು ಪಾಲಿಶ್ ಎಂದು. ಅವನ ಹೆಂಡತಿ, ಎಂದರೆ ನನ್ನ ನಾದಿನಿ, ಸಮಾಧಾನದಲ್ಲಿದ್ದಾಗ ‘ರೀ’ ಎನ್ನುತ್ತಾಳೆ. ಸಿಟ್ಟು ಬಂದಾಗ ಅವಳೂ ‘ಪಾಲಿಶ್’ ಎನ್ನುತ್ತಾಳೆ. ಮರದ ಸಾಮಾನುಗಳಿಗೆ ಹೊಳಪು ಕೊಡುವುದು ಅವನ ಕಸುಬು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಮೇಜಿನ ಮೇಲೆ ಸುತ್ತಿಸುತ್ತ ಹೋದನೆಂದರೆ ಸಾಯಂಕಾಲದ ಹೊತ್ತಿಗೆ ಆ ಮೇಜಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು. ಬೆರಳ ತುದಿಗಳು ಸದಾ ಕಂದು. ಮೈಗೆ ಸದಾ ಸ್ಪಿರಿಟ್ಟಿನ ವಾಸನೆ. ಹೊಸಬರು ಅವನನ್ನು ಕುಡುಕನೆಂದು ತಿಳಿಯುತ್ತಾರೆ. ಕುಡಿಯುವುದಕ್ಕೂ ಸ್ವಲ್ಪ ಧೈರ್ಯ ಬೇಕು, ಅದು ಅವನಲ್ಲಿಲ್ಲ.

ಹೊಳೆಯದೆ ಇರುವ ವಸ್ತುವನ್ನು ಕಂಡರೆ ಅವನಿಗೆ ತಡೆಯಲಾಗುವುದಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೆ ಅಂಗಿಯ ಚುಂಗಿನಲ್ಲಿ ಚಮಚ ಉಜ್ಜುತ್ತಾನೆ, ಹೋಗುವಾಗ ಬಾಗಿಲ ಚಿಲಕ ಉಜ್ಜುತ್ತಾನೆ. ಒಮ್ಮೆ ನನ್ನ ತಲೆಯನ್ನೇ ದಿಟ್ಟಿಸುತ್ತ ಕೂತಿದ್ದ. ಆದರೆ ಅಲ್ಲಿ ಅವನು ಮಾಡಬೇಕಾದ ಕೆಲಸವನ್ನೆಲ್ಲ ನನ್ನ ವಯಸ್ಸೇ ಮಾಡಿ ಮುಗಿಸಿದೆ.

ಹೆದರಿಕೆಯಂತೂ ಅವನ ಹುಟ್ಟುಗುಣ. ನಾನೂ ಧೈರ್ಯವಂತನೇನಲ್ಲ, ಆದರೆ ನಾನು ಹೆದರಿದಾಗ ಕನ್ನಡಕ ಏರಿಸಿಕೊಂಡು ಪತ್ರಿಕೆ ಬಿಡಿಸುತ್ತೇನೆ, ಜನ ವಿಚಾರವಂತ ಎಂದುಕೊಳ್ಳುತ್ತಾರೆ. ಪಾಲಿಶನಿಗೆ ಆ ಸೌಕರ್ಯವಿಲ್ಲ. ಅವನು ಹೆದರಿದ್ದು ಕಿವಿಯಲ್ಲಿ ಕಾಣುತ್ತದೆ, ಎರಡೂ ಕೆಂಪಗಾಗುತ್ತವೆ. ನಾಯಿಗೆ ಹೆದರುತ್ತಾನೆ, ಟೆಲಿಫೋನಿಗೆ ಹೆದರುತ್ತಾನೆ, ಸುಮ್ಮನೆ ಕೂತವರಿಗೆ ಹೆದರುತ್ತಾನೆ. ಇವೆಲ್ಲವನ್ನೂ ಒಟ್ಟು ಸೇರಿಸಿ ತೂಗಿದರೆ ಎಷ್ಟಾಗುತ್ತದೋ ಅದಕ್ಕಿಂತ ಹೆಚ್ಚಾಗಿ ನಮ್ಮ ಮಾವನಿಗೆ ಹೆದರುತ್ತಾನೆ.

ಮಾವ ಕುರ್ಚಿ ಮಾಡುವವರು. ಒಂಟಿಗಣ್ಣಿನ ಮನುಷ್ಯ, ಎಡಗಣ್ಣು ಪ್ರಾಯದಲ್ಲೇ ಮರದ ಸಿಬಿರು ಸಿಡಿದು ಹೋಯಿತು. ಹೋದ ಕಣ್ಣಿನ ಶಕ್ತಿಯೆಲ್ಲ ಗಂಟಲಿಗೆ ಬಂದು ಸೇರಿದಂತೆ ಅವರ ಕೂಗು. ಕಾರ್ಖಾನೆಯೊಳಗಿಂದ ಅವರು ‘ಯಾರಲ್ಲಿ’ ಎಂದರೆ ಬೀದಿಯಲ್ಲಿ ಹೋಗುವವರು ‘ನಾನಲ್ಲ’ ಎಂದು ನಿಲ್ಲುತ್ತಾರೆ. ಆದರೆ ಅವರ ಕುರ್ಚಿಯಲ್ಲಿ ಒಮ್ಮೆ ಕೂತವರು ಬೇರೆ ಕುರ್ಚಿಯಲ್ಲಿ ಕೂರಲಾರರು. ಬೆನ್ನಿಗೆ ಯಾರೋ ಅಂಗೈ ಕೊಟ್ಟು ಆನಿಸಿಕೊಂಡ ಹಾಗಿರುತ್ತದೆ. ಕೂರುವವರನ್ನು ಮೊದಲು ನಿಲ್ಲಿಸಿ, ಬೆನ್ನ ಮೇಲೆ ಕೈಯಾಡಿಸಿ ನೋಡಿ, ಆಮೇಲೆ ಒರಗುವ ಹಲಗೆಗೆ ಆ ಬೆನ್ನಿಗೆ ತಕ್ಕ ಬಾಗು ಕೊಡುತ್ತಾರೆ.

ಪಾಲಿಶ್ ಮೊದಲು ಅವರ ಆಳು, ಆಮೇಲೆ ಅಳಿಯ. ಮಗಳನ್ನು ಕೇಳುವ ಧೈರ್ಯ ಅವನಿಗೆ ವರ್ಷಗಟ್ಟಲೆ ಬರಲಿಲ್ಲ. ಕಡೆಗೆ ನನ್ನ ನಾದಿನಿಯೇ ಅಪ್ಪನಿಗೆ ವಿಷಯ ಹೇಳಿದಳು. ಆ ಹೊತ್ತು ಇವನು ಪಾಲಿಶ್ ಕೋಣೆಗೆ ಅಗುಳಿ ಹಾಕಿಕೊಂಡು ಕೂತಿದ್ದ. ಮಾವ ಬಾಗಿಲು ಗುದ್ದಿ, “ಬಾರೋ ಈಚೆಗೆ! ಮದುವೆ ನಿಂದೇ ಕಣೋ, ನಂದಲ್ಲ!” ಎಂದು ಕೂಗಿದ್ದನ್ನು ಇಡೀ ಬೀದಿ ಕೇಳಿತು. ಬೇರೆ ಆಮಂತ್ರಣದ ಅಗತ್ಯ ಬೀಳಲಿಲ್ಲ.

ಈ ಪಾಲಿಶ್ ಕೋಣೆಯ ವಿಷಯ ಹೇಳಬೇಕು. ಮರಗೆಲಸ ನಡೆಯುವಲ್ಲಿ ದೂಳು ಹಾರುತ್ತದೆ. ಹಸಿ ಪಾಲಿಶಿನ ಮೇಲೆ ಒಂದು ಕಣ ದೂಳು ಕೂತರೂ ಕೆಲಸ ಕೆಟ್ಟಿತು. ಹಾಗಾಗಿ ಮುಂದಿನ ಕೋಣೆ ಮಾವನದು, ಹಿಂದಿನದು ಇವನದು, ನಡುವೆ ಸದಾ ಮುಚ್ಚಿದ ಬಾಗಿಲು. ಕುರ್ಚಿ ಪೂರ್ತಿಯಾದ ಮೇಲೆಯೇ ಈಚೆಗೆ ಬರುತ್ತಿತ್ತು. ಅದು ಹೇಗೆ ಆಯಿತು, ಯಾವ ಹತಾರದಿಂದ ಆಯಿತು ಎನ್ನುವುದನ್ನು ಅಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ಪಾಲಿಶ್ ನೋಡಿದವನಲ್ಲ. ಬಾಣಸಿಗನ ಪಕ್ಕದ ಕೋಣೆಯಲ್ಲಿ ಜೀವಮಾನವೆಲ್ಲ ಎಲೆ ಒರೆಸಿದವನ ಹಾಗೆ.

ಹೀಗಿರಲು ಮಾವನ ಉಳಿದ ಒಂದು ಕಣ್ಣಿಗೂ ಪೊರೆ ಬಂತು. ಅವರು ಯಾರಿಗೂ ಹೇಳಲಿಲ್ಲ. ತಂಬಿಗೆಯೆಂದು ಬೆಕ್ಕಿನ ಮೇಲೆ ಕೈಯಿಟ್ಟು ಪರಚಿಸಿಕೊಂಡ ದಿನ ವಿಷಯ ಬಯಲಾಯಿತು. ನನ್ನ ಹೆಂಡತಿ ಅತ್ತು ಕರೆದು ಆಸ್ಪತ್ರೆಗೆ ಬರಲು ಒಪ್ಪಿಸಿದಳು. ಹೊರಡುವ ಬೆಳಗ್ಗೆ ಮಾವ ಕಾರ್ಖಾನೆಯ ಬೀಗದ ಕೈಯನ್ನು ಪಾಲಿಶನ ಅಂಗೈಯಲ್ಲಿಟ್ಟು, “ನೋಡ್ಕೋ” ಎಂದರು. ಅಷ್ಟೇ. ಬೈಗುಳವಿಲ್ಲದ ಮಾತನ್ನು ಅವರ ಬಾಯಿಂದ ಕೇಳಿ ಅಭ್ಯಾಸವಿಲ್ಲದ ಪಾಲಿಶ್ ಅಂದಿನಿಂದಲೇ ನಿದ್ದೆಗೆಟ್ಟ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಲಿಲ್ಲ. ತುಂಬ ಬಲಿತ ಪೊರೆ, ಕಣ್ಣೊಳಗೆ ಏನೋ ಹರಿಯಿತು, ಹೊಲಿಗೆ ಹಾಕಬೇಕಾಯಿತು. ಡಾಕ್ಟರು ನಮ್ಮನ್ನೆಲ್ಲ ಹಾಸಿಗೆಯ ಸುತ್ತ ನಿಲ್ಲಿಸಿಕೊಂಡು ಹೇಳಿದರು: “ಇರೋದು ಇದೊಂದೇ ಕಣ್ಣು. ಹೊಲಿಗೆ ಬಿಚ್ಚೋ ತನಕ ಬಗ್ಗಬಾರದು, ಭಾರ ಎತ್ತಬಾರದು, ತಿಣುಕಬಾರದು, ಜೋರಾಗಿ ಕೆಮ್ಮಬಾರದು. ಒತ್ತಡ ಬಿದ್ದರೆ ಹೊಲಿಗೆ ಬಿಡುತ್ತೆ. ಬಿಟ್ಟರೆ ನನ್ನ ಕೈಲೂ ಏನೂ ಆಗಲ್ಲ.”

“ಕೂಗಾಡಿದ್ರೆ ಡಾಕ್ಟ್ರೇ?” ಎಂದು ನನ್ನ ಹೆಂಡತಿ ಮೆಲ್ಲಗೆ ಕೇಳಿದಳು.

“ಯಾಕೆ, ಕೂಗಾಡ್ತಾರಾ ಇವರು?”

“ಯಾರು, ನಾನಾ?” ಎಂದು ಮಾವ ಕೂಗಿದರು. ಪಕ್ಕದ ಹಾಸಿಗೆಯ ರೋಗಿ ಎದ್ದು ಕೂತ.

“ಇದೇ,” ಎಂದರು ಡಾಕ್ಟರು. “ಇದು ಬೇಡ.”

ಕಾರ್ಖಾನೆಯ ದೂಳು ತಗಲಬಾರದೆಂದು ಮಾವನನ್ನು ನೇರವಾಗಿ ನಮ್ಮ ಮನೆಗೆ ಕರೆತಂದೆವು. ನನ್ನ ಮದುವೆಯಲ್ಲಿ ಅವರೇ ಮಾಡಿಕೊಟ್ಟ ಕುರ್ಚಿಯಲ್ಲಿ, ಕಣ್ಣಿಗೆ ಮುಚ್ಚಳ ಕಟ್ಟಿಕೊಂಡು ಕೂತರು. ಮನೆಯಲ್ಲಿ ಯಾರೂ ಅವರ ಮಾತಿಗೆ ಎದುರಾಡುವುದಿಲ್ಲವೆಂದು ತೀರ್ಮಾನಿಸಿದೆವು. ನನಗೇನೂ ಕಷ್ಟವಾಗಲಿಲ್ಲ, ಮದುವೆಯಾದಾಗಿನಿಂದ ಅದೇ ರೂಢಿ.

ಅತ್ತ ಕಾರ್ಖಾನೆಯಲ್ಲಿ ಅನಾಹುತ ನಡೆದಿತ್ತು. ಮಹಡಿಯ ಮೇಲೆ ಪಾಲಿಶನ ಸಂಸಾರ. ಅವರ ಬಚ್ಚಲಿನ ಕೊಳವೆ ಬಿರುಕು ಬಿಟ್ಟು ನೀರು ಕೆಳಗಿಳಿದು, ಮಾವ ಹತಾರ ಇಡುವ ಗೂಡಿನ ಮೇಲೆ ತೊಟ್ಟಿಕ್ಕಿತ್ತು. ಆ ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದದ್ದು ಅವರ ಉಜ್ಜುಗೊರಡು. ಬಡಗಿಗಳು ಹಲಗೆ ನಯ ಮಾಡಲು ತಳ್ಳುತ್ತಾರಲ್ಲ, ಅದೇ: ಒಂದು ಗಟ್ಟಿ ಮರದ ತುಂಡು, ಅದರ ಬಾಯಲ್ಲಿ ಓರೆಯಾಗಿ ಕೂರಿಸಿದ ಉಕ್ಕಿನ ಅಲಗು, ಅಲಗು ಕದಲದಂತೆ ಬಡಿದ ಬೆಣೆ. ಮಾವ ತಮ್ಮ ಪ್ರಾಯದಲ್ಲಿ ತಾವೇ ಕಡೆದುಕೊಂಡದ್ದು. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಹಿಂದೊಬ್ಬ ಆಳು ಅದರ ಮೇಲೆ ಟೀ ಲೋಟ ಇಟ್ಟನೆಂದು ಅವನನ್ನು ಲೋಟದ ಸಮೇತ ಹೊರಗೆ ಕಳಿಸಿದ್ದರು.

ಪಾಲಿಶ್ ಬಟ್ಟೆ ಬಿಚ್ಚಿ ನೋಡಿದ. ಅಲಗು ತುಕ್ಕು ಹಿಡಿದು ಕೆಂಪಾಗಿತ್ತು. ಮರದ ಮೇಲೆ ಬಿಳಿ ಬೂಷ್ಟು. ಬೆಣೆ ಉಬ್ಬಿ ಅಲ್ಲಾಡದಂತೆ ಕಚ್ಚಿಕೊಂಡಿತ್ತು. ಬೀಗದ ಕೈ ಅವನ ಬಳಿ, ಬಚ್ಚಲು ಅವನದು, ಬೆಳಿಗ್ಗೆ ಬಕೆಟ್ಟು ಬಕೆಟ್ಟು ಸುರಿದುಕೊಂಡವನೂ ಅವನೇ. ತಪ್ಪಿಸಿಕೊಳ್ಳಲು ಒಂದು ಕಿಂಡಿಯೂ ಇರಲಿಲ್ಲ. ಮಾವ ಬರುವಷ್ಟರಲ್ಲಿ ಮೊದಲಿನಂತೆ ಮಾಡಿಬಿಡಬೇಕೆಂದು ಕೂತ.

ಮೊದಲು ಬಿಸಿಲು ಬೀಳದ ಕಡೆ ಗಾಳಿಗಿಟ್ಟು ಒಣಗಿಸಿದ. ಬೆಣೆಯನ್ನು ಹಿಂದುಮುಂದು ತಟ್ಟಿ ತಟ್ಟಿ ಸಡಿಲಿಸಿದ. ಅಲಗನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತುಕ್ಕು ಉಜ್ಜಿ, ಸಾಣೆಕಲ್ಲಿನ ಮೇಲೆ ಹಿಡಿದು, ಮುಂಗೈ ಕೂದಲು ಬೋಳಿಸುವಷ್ಟು ಹರಿತ ಮಾಡಿದ. ಗೊರಡಿನ ಮೈಗೆ ಅಗಸೆ ಎಣ್ಣೆ ತಿಕ್ಕಿದ. ಆ ಹೊತ್ತಿನಲ್ಲಿ ತನಗೆ ಹೆದರಿಕೆಯೇ ಇರಲಿಲ್ಲವೆಂದು ಆಮೇಲೆ ನನ್ನ ಬಳಿ ಹೇಳಿದ. ಉಜ್ಜುತ್ತಿರುವಷ್ಟು ಹೊತ್ತು ಅವನು ಯಾರಿಗೂ ಹೆದರುವುದಿಲ್ಲ. ಉಜ್ಜಿ ಮುಗಿದಾಗಲೇ ಬರುವುದು ತೊಂದರೆ.

ಕೊನೆಗೆ ಗೊರಡನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ ನೋಡಿದ. ಅದು ನಿಲ್ಲಲಿಲ್ಲ. ಮುಂದೊತ್ತಿದರೆ ಹಿಂದೆ ಏಳುತ್ತದೆ, ಹಿಂದೊತ್ತಿದರೆ ಮುಂದೆ ಏಳುತ್ತದೆ. ತಿರುಗಿಸಿ ನೋಡಿದರೆ ತಳ ಉಬ್ಬಿದೆ. ನೀರು ಕುಡಿದು ಮರ ಉಬ್ಬಿದೆ ಎಂದು ತಿಳಿದ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಹಾಗೆ ತಿಳಿದ ಮೇಲೆ ನಾನು ಬಟ್ಟೆ ಸುತ್ತಿ ಮತ್ತೆ ಗೂಡಿನಲ್ಲಿಟ್ಟು ಸುಮ್ಮನಾಗುತ್ತಿದ್ದೆ. ಸೋಮಾರಿತನ ಎಷ್ಟೋ ಅನಾಹುತ ತಪ್ಪಿಸುತ್ತದೆ. ಪಾಲಿಶ್ ಸೋಮಾರಿಯಲ್ಲ. ಗಾಜಿಗೆ ಒರಟು ಉಪ್ಪುಕಾಗದ ಅಂಟಿಸಿ, ಅದರ ಮೇಲೆ ಗೊರಡಿನ ತಳವನ್ನು ಊಟ ತಿಂಡಿ ಮರೆತು ಉಜ್ಜಿದ. ಒರಟಾದ ಮೇಲೆ ನಯದ ಕಾಗದ, ನಯದ ಮೇಲೆ ಇನ್ನೂ ನಯದ್ದು. ತಳ ನೀರು ನಿಂತ ಹಾಗೆ ಮಟ್ಟಸವಾಯಿತು. ಅದರ ಮೇಲೆ ಎರಡು ಕೈ ಪಾಲಿಶ್ ಬೇರೆ.

ಹೆಂಡತಿಯನ್ನು ಕರೆದು ತೋರಿಸಿದ. ಅವಳು ನೋಡಿದಳು. ಕೈಗೆ ತೆಗೆದುಕೊಂಡು ಮೇಜಿನ ಮೇಲಿಟ್ಟು ಒಂದು ತುದಿಯನ್ನು ಬೆರಳಿನಿಂದ ಒತ್ತಿದಳು. ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು.

“ರೀ, ಇದರ ಹೊಟ್ಟೆ ಎಲ್ಲಿ?”

“ಯಾವ ಹೊಟ್ಟೆ?”

“ಚಿಕ್ಕವಳಿದ್ದಾಗ ಇದರ ಮೇಲೆ ಗೊಂಬೆ ಮಲಗಿಸಿ ತೂಗ್ತಿದ್ದೆ ಕಣ್ರೀ. ತೊಟ್ಟಿಲ ಥರ ತೂಗೋದು. ಹೊಟ್ಟೆ ಇದ್ದಿದ್ದಕ್ಕೇ ಅಲ್ವಾ ಅಪ್ಪ ಕುರ್ಚಿ ಬೆನ್ನಿಗೆ ಬಾಗು ತೆಗೀತಿದ್ದದ್ದು? ಮಟ್ಟಸ ಇದ್ರೆ ಬಾಗು ಹಲಗೆ ಒಳಗೆ ಇಳಿಯುತ್ತಾ?” ಆಮೇಲೆ ಅವನ ಕಿವಿಗಳನ್ನು ನೋಡಿ, ಗಾಜಿನ ಮೇಲಿದ್ದ ಪುಡಿಯನ್ನು ನೋಡಿ, “ಪಾಲಿಶ್!” ಎಂದಳು.

ಅರ್ಧ ಗಂಟೆಯಲ್ಲಿ ಇಬ್ಬರೂ ನಮ್ಮ ಮನೆಯ ಹಿಂಬಾಗಿಲಲ್ಲಿದ್ದರು. ಪಾಲಿಶನ ಮುಖದಲ್ಲಿ ರಕ್ತವಿರಲಿಲ್ಲ, ಇದ್ದದ್ದೆಲ್ಲ ಕಿವಿಯಲ್ಲಿತ್ತು. ನಾವು ಪಾತ್ರೆ ತೊಳೆಯುವ ಕಡೆ ನಿಂತು ಪಿಸುಗುಟ್ಟಿದೆವು.

“ಬೈದ್ರೆ ಬೈಸ್ಕೊಳ್ತೀನಿ ಅಣ್ಣ. ಹೊರಗೆ ಹಾಕಿದ್ರೂ ಹೋಗ್ತೀನಿ,” ಎಂದ ಪಾಲಿಶ್. “ಆದ್ರೆ ಕೂಗಿಬಿಟ್ರೆ? ನಾನು ಮಾಡಿದ ಕೆಲಸಕ್ಕೆ ಅವರ ಕಣ್ಣು ಹೋಗಿಬಿಟ್ರೆ?”

ಇಲ್ಲಿಯವರೆಗೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಆ ಮಾತು ಕೇಳಿ ನಿಂತಿತು. ನಡುಮನೆಯಲ್ಲಿ ಮಾವ ಕಣ್ಣಿನ ಮುಚ್ಚಳದೊಂದಿಗೆ ಗೋಡೆಯತ್ತ ಮುಖ ಮಾಡಿ ಕೂತಿದ್ದರು. ಕತ್ತಿನ ನರಗಳು ಸುಮ್ಮನಿದ್ದಾಗಲೂ ಹಗ್ಗದ ಹಾಗೆ. ಅವು ಬಿಗಿದರೆ ಏನಾಗುತ್ತದೆಂದು ನಾನು ಎಷ್ಟೋ ಸಲ ಎದುರಿಗೆ ನಿಂತು ಕಂಡವನು.

“ಹೊಟ್ಟೆ ಮತ್ತೆ ಕಟ್ಟೋಣ,” ಎಂದಳು ನಾದಿನಿ. “ತಳಕ್ಕೆ ಹಳೇ ತೇಗದ ತುಂಡು ಅಂಟಿಸಿ ದುಂಡಗೆ ಉಜ್ಜೋದು. ಉಜ್ಜೋದು ಹೇಗೂ ಬರುತ್ತಲ್ಲ ಇವರಿಗೆ.”

“ಎಷ್ಟು ದುಂಡಗೆ? ಅಳತೆ ಎಲ್ಲಿದೆ?”

ಮೂವರೂ ಯೋಚಿಸಿದೆವು. ಮಾವನ ಕುರ್ಚಿಗಳ ಬಾಗು ಒಂದೊಂದೂ ಒಂದೊಂದು ಥರ. ಗೊರಡಿನ ಹೊಟ್ಟೆ ಅತಿ ಹೆಚ್ಚು ಬಾಗಿದ ಹಲಗೆಯ ಒಳಗೂ ಇಳಿಯುವಷ್ಟು ದುಂಡಗಿದ್ದಿರಬೇಕು. ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಬಾಗಿದ ಕುರ್ಚಿ ಸಿಕ್ಕಿದರೆ ಅಳತೆ ಸಿಕ್ಕಿದಂತೆ. ನಮ್ಮ ಬಳಗದಲ್ಲಿ ಅತಿ ಗೂನು ಬೆನ್ನು ಯಾರದು ಎಂಬ ಪ್ರಶ್ನೆ ಎದ್ದಿತು. ಗಂಡ ಹೆಂಡತಿ ಇಬ್ಬರೂ ಮಾತಾಡದೆ ನನ್ನ ಕಡೆ ನೋಡಿದರು.

“ಕಚೇರೀಲಿ ಬಗ್ಗಿ ಬಗ್ಗಿ ಆಗಿರೋದು,” ಎಂದೆ.

“ಹೌದು ಭಾವ, ನಾವೇನಂದ್ವಿ?” ಎಂದಳು ನಾದಿನಿ.

ನನ್ನ ಗೂನು ಒಂದು ದಿನ ಸಂಸಾರ ಕಾಯುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ನನ್ನ ಕುರ್ಚಿಯಲ್ಲಿ ಕೂತಿದ್ದವರು ಮಾವ. ಹಗಲೆಲ್ಲ ಅದರಿಂದ ಏಳುತ್ತಿರಲಿಲ್ಲ. ಅವರು ಮೈ ತೊಳೆಯಲು ಹೋಗುವ ಹೊತ್ತಿಗೆ ಕಾದು, ಪಾಲಿಶ್ ರಟ್ಟಿನ ತುಂಡು ಹಿಡಿದು ನಡುಮನೆಗೆ ನುಗ್ಗಿದ. ಒರಗುವ ಹಲಗೆಗೆ ರಟ್ಟು ಒತ್ತಿ, ಪೆನ್ಸಿಲಿನಿಂದ ಗೆರೆ ಎಳೆದ. ಕೈ ನಡುಗಿ ಗೆರೆ ಅಲೆಯಲೆಯಾಯಿತು. ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ನನ್ನ ಹೆಂಡತಿಯ ಕೈ ಹಿಡಿದು ಮಾವ ಬಾಗಿಲಲ್ಲಿ ನಿಂತಿದ್ದರು. ಪಾಲಿಶ್ ಕುರ್ಚಿಯ ಹಿಂದೆ ಕುಕ್ಕರುಗಾಲಲ್ಲಿ ಕೂತ. ನಾನು ಪತ್ರಿಕೆ ಬಿಡಿಸಿದೆ.

ಮಾವ ಬಂದು ಕೂತರು. ಮೂಗು ಅರಳಿತು.

“ಪಾಲಿಶ್ ಬಂದಿದಾನೇನ್ರೀ?”

“ಇಲ್ವಲ್ಲ ಮಾವ.”

“ವಾಸನೆ ಬರ್ತಿದೆ.”

“ಅದು... ನಾನು ಸ್ವಲ್ಪ ಕುಡಿದಿದೀನಿ ಮಾವ,” ಎಂದುಬಿಟ್ಟೆ. ಹುಟ್ಟಿದಾಗಿನಿಂದ ತೊಟ್ಟು ಮುಟ್ಟಿದವನಲ್ಲ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮಾವ ಈಗ ಕೂಗುತ್ತಾರೆ, ಆಯಿತು, ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಅವರು ಕೂಗಲಿಲ್ಲ. “ಹುಷಾರು,” ಎಂದು ಮೆತ್ತಗೆ ಹೇಳಿ ಮುಖ ತಿರುಗಿಸಿದರು. ಬೈದಿದ್ದರೇ ವಾಸಿಯಿತ್ತು. ಪಾಲಿಶ್ ಅಂಬೆಗಾಲಿಕ್ಕುತ್ತ ಅಡಿಗೆಮನೆಗೆ ಹೋದ.

ಮುಂದಿನ ದಿನಗಳಲ್ಲಿ ಅವನು ದುಡಿದ. ತೇಗದ ತುಂಡನ್ನು ತಳಕ್ಕೆ ಅಂಟಿಸಿ, ಬಿಗಿದು ಕಟ್ಟಿ ಒಣಗಿಸಿದ. ಅಲಗು ಹೊರಬರಲು ಬಾಯಿ ಕೊರೆದ. ರಟ್ಟಿನ ಬಾಗಿಗೆ ಸರಿಯಾಗಿ ಉಜ್ಜಿ ಹೊಟ್ಟೆ ಬರಿಸಿದ. ಕಡೆಗೆ ಹಳೆಯ ಮರವೂ ಹೊಸ ಮರವೂ ಕೂಡಿದ ಸಂದಿಯನ್ನು ಮರದ ಪುಡಿ ಅರಗು ತುಂಬಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಅದರ ಮೇಲೆ ಪಾಲಿಶ್ ಹೊಡೆದು ಮುಚ್ಚಿದ. ನಾನು ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ, ಗೆರೆ ಕಾಣಲಿಲ್ಲ. ಉಗುರು ಎಳೆದರೂ ತಡೆಯಲಿಲ್ಲ. ಇಷ್ಟಾದರೂ ಅವನ ಹೆದರಿಕೆ ಇಳಿಯಲಿಲ್ಲ, ಇನ್ನೂ ಹೆಚ್ಚಿತು. “ಮೊದಲು ಹಾಳು ಮಾಡಿದ್ದು ಒಂದೇ ಇತ್ತು. ಈಗ ಮುಚ್ಚಿಟ್ಟಿದ್ದೂ ಸೇರ್ಕೊಂಡಿತು,” ಎಂದ.

ಇಷ್ಟರ ನಡುವೆ ಒಂದು ವಿಚಿತ್ರ ನಡೆದಿತ್ತು. ಮಾವ ಬೆಕ್ಕನ್ನು ವಿಚಾರಿಸಿದರು, ಪಕ್ಕದ ಮನೆಯವರ ಜಗಳ ವಿಚಾರಿಸಿದರು. ಕಾರ್ಖಾನೆಯನ್ನು ವಿಚಾರಿಸಲಿಲ್ಲ. ಉಜ್ಜುಗೊರಡಿನ ಸುದ್ದಿಯೇ ಎತ್ತಲಿಲ್ಲ. ನಾವು ಅದನ್ನು ನಮ್ಮ ಪುಣ್ಯವೆಂದುಕೊಂಡೆವು. ನನ್ನ ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ.

“ಅಪ್ಪ ಹೆದರಿದಾರೆ ಕಣ್ರೀ,” ಎಂದಳು ಒಂದು ಮಧ್ಯಾಹ್ನ.

“ಮಾವನಾ? ಹೆದರೋದಾ?”

“ಕಣ್ಣಿಗೆ ಔಷಧಿ ಹಾಕೋಕೆ ಮುಚ್ಚಳ ತೆಗೀತೀನಲ್ಲ, ಆಗ ನಾನು ಆಕಡೆ ತಿರುಗಿದ್ ತಕ್ಷಣ ತಮ್ಮ ಬೆರಳನ್ನೇ ಮುಖದ ಮುಂದೆ ಹಿಡ್ಕೊಂಡು ನೋಡ್ತಾರೆ. ನಾನು ತಿರುಗಿದ್ರೆ ಕೈ ಕೆಳಗೆ. ಕಾಣ್ತಿದೆಯಾ ಅಂದ್ರೆ ಮಾತೇ ಆಡಲ್ಲ. ಗೊರಡು ಕೈಗೆ ಬಂದು, ಹಲಗೆ ಮೇಲಿನ ಗೆರೆ ಕಾಣದೆ ಹೋದ್ರೆ ಅಂತ ಅವರಿಗೆ ಭಯ. ಅದಕ್ಕೇ ಕೇಳ್ತಿಲ್ಲ.”

ಎಂದರೆ ಪಾಲಿಶ್, ಮಾವ ಗೊರಡು ಕೇಳಿಯಾರೆಂದು ಹೆದರುತ್ತಿದ್ದ. ಅವರು ಯಾರಾದರೂ ಗೊರಡು ಕೊಟ್ಟಾರೆಂದು ಹೆದರುತ್ತಿದ್ದರು. ನಡುವೆ ನಾನು ಇಬ್ಬರ ಹೆದರಿಕೆಗೂ ಕಾಫಿ ಒದಗಿಸುತ್ತಿದ್ದೆ.

ಕಣ್ಣು ತೋರಿಸಲು ಹೋಗುವ ದಿನ ಬಂತು. ಬೆಳಿಗ್ಗೆ ಪಾಲಿಶ್ ಬಟ್ಟೆಯ ಚೀಲ ಹಿಡಿದು ಬಂದ. ಚೀಲ ಭಾರವಾಗಿ ತೂಗುತ್ತಿತ್ತು.

“ಇದೇನೋ?” ಎಂದೆ.

“ಅಲ್ಲೇ ಹೇಳಿಬಿಡ್ತೀನಿ ಅಣ್ಣ. ಮನೇಲಿ ಹೇಳಿ, ಅವರು ಕೂಗಿ, ಏನಾದ್ರೂ ಆದ್ರೆ ಯಾರನ್ನ ಹಿಡಿಯೋದು? ಆಸ್ಪತ್ರೇಲಿ ಆದ್ರೆ ಡಾಕ್ಟ್ರು ಅಲ್ಲೇ ಇರ್ತಾರೆ.”

ಇಂಥ ಪುಕ್ಕಲ ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಡವೆನ್ನಲು ನನಗೂ ಕಾರಣ ಹೊಳೆಯಲಿಲ್ಲ.

ಕಣ್ಣಾಸ್ಪತ್ರೆಯ ಹಜಾರದಲ್ಲಿ ಸಾಲು ಬೆಂಚುಗಳು. ಎಲ್ಲರೂ ಕಪ್ಪು ಕನ್ನಡಕ, ಬಿಳಿ ಪಟ್ಟಿ. ಯಾರೂ ದೊಡ್ಡದಾಗಿ ಮಾತಾಡುತ್ತಿರಲಿಲ್ಲ. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೋದ ಪ್ರತಿಯೊಬ್ಬರೂ ಗೋಡೆಯ ಮೇಲಿನ ಅಕ್ಷರಗಳನ್ನು ಓದುವುದು ಕೇಳಿಸುತ್ತಿತ್ತು. “ಮ... ರ... ಬ...” ಮಾವ ನಮ್ಮಿಬ್ಬರ ನಡುವೆ ಕೂತಿದ್ದರು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ದೇವರನ್ನು ನೆನೆಯುತ್ತಿದ್ದಾರೆಂದು ನಾನು ತಿಳಿದೆ.

ಪಾಲಿಶ್ ಚೀಲದಿಂದ ಗೊರಡು ತೆಗೆದ. ಆಮೇಲೆ ಅದನ್ನು ಮಾವನ ತೊಡೆಯ ಮೇಲಿಟ್ಟ.

ಮಾವನ ತುಟಿ ನಿಂತಿತು. ಕೈಗಳು ತಾವಾಗಿಯೇ ಅದನ್ನು ಹಿಡಿದವು. ಹೆಬ್ಬೆರಳು ಬೆಣೆಯ ಮೇಲೆ ಹೋಯಿತು, ಬಾಯಿಯ ಅಂಚಿಗೆ ಹೋಯಿತು, ತಳಕ್ಕೆ ಇಳಿಯಿತು. ಅಲ್ಲೇ ಉಳಿಯಿತು. ಕತ್ತಿನ ನರಗಳು ಒಂದೊಂದಾಗಿ ಎದ್ದವು.

“ಇದು ನನ್ನ ಹೊಟ್ಟೆ ಅಲ್ಲ,” ಎಂದರು.

ಪಕ್ಕದ ಬೆಂಚಿನ ಹೆಂಗಸು ಅವರ ಹೊಟ್ಟೆಯತ್ತ ನೋಡಿದಳು.

“ನಾನೇ ಮಾವ. ನೀರು ಸೋರ್ತು. ಸರಿ ಮಾಡೋಕೆ ಹೋದೆ. ಉಬ್ಬಿದೆ ಅಂದ್ಕೊಂಡು ತಳ ಪೂರ್ತಿ ಉಜ್ಜಿಬಿಟ್ಟೆ. ಆಮೇಲೆ ಗೊತ್ತಾಯ್ತು. ತೇಗ ಅಂಟಿಸಿ ಮತ್ತೆ ಮಾಡಿದೀನಿ. ಅಣ್ಣನ ಬೆನ್ನಿನ ಅಳತೆ.” ಒಂದೇ ಉಸಿರಿನಲ್ಲಿ ಹೇಳಿದ. ಅವನ ಕೈ ಡಾಕ್ಟರ ಬಾಗಿಲ ಕಡೆ ತೋರಿಸಲು ಸಿದ್ಧವಾಗಿತ್ತು.

ಮಾವ ಬಾಯಿ ತೆರೆದರು. ಎದೆ ಉಬ್ಬಿತು. ಮುಖ ಕೆಂಪಾಯಿತು. ನಾನು ಬೆಂಚಿನ ಅಂಚು ಹಿಡಿದೆ. ಆಗ ಅವರ ಎಡಗೈ ಗೊರಡನ್ನು ಬಿಟ್ಟು ಮೇಲೆದ್ದು, ಕಣ್ಣಿನ ಮುಚ್ಚಳವನ್ನು ಮೆಲ್ಲಗೆ ಅವುಚಿಕೊಂಡಿತು, ಹಕ್ಕಿಮರಿಯನ್ನು ಹಿಡಿದ ಹಾಗೆ. ಉಬ್ಬಿದ ಎದೆ ನಿಧಾನವಾಗಿ ಇಳಿಯಿತು.

“ಕೂಗೋ ಹಾಗಿಲ್ಲ ನಾನು,” ಎಂದರು ಪಿಸುದನಿಯಲ್ಲಿ.

“ಗೊತ್ತು ಮಾವ. ಅದಕ್ಕೇ ಇಲ್ಲಿ ಹೇಳಿದೆ.”

“ಜಾಣ.”

ಆ ಪಿಸುದನಿಗಿಂತ ಕೂಗೇ ಮೇಲೆನಿಸಿತು. ಮಾವ ಉಗುರಿನಿಂದ ಗೊರಡಿನ ಪಕ್ಕವನ್ನು ಕೆರೆಯುತ್ತ ಹೋದರು. “ಅಂಟಿಸಿದ್ದು ಎಲ್ಲಿ?”

“ಸಿಗಲ್ಲ ಮಾವ. ಪಾಲಿಶ್ ಹೊಡೆದಿದೀನಿ.” ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಎಳ್ಳಷ್ಟು ಹೆಮ್ಮೆ ಇಣುಕಿತು.

ಮಾವ ಕೆರೆಯುವುದನ್ನು ಬಿಟ್ಟರು. ಆಮೇಲೆ ಪಾಲಿಶನ ಕಡೆ ಬಾಗಿ, ನನಗೂ ಕೇಳಿಸೀತೋ ಎಂಬ ಸಂಕೋಚದಲ್ಲಿ, “ನಂಗೆ ಹೆದರಿಕೆ ಆಗ್ತಿದೆ ಕಣೋ,” ಎಂದರು.

ಈ ವಿದ್ಯೆಯಲ್ಲಿ ಪಾಲಿಶನಿಗಿರುವಷ್ಟು ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಮಾವನ ಕೈಯನ್ನು ತನ್ನ ಕಂದು ಬೆರಳುಗಳಲ್ಲಿ ಹಿಡಿದುಕೊಂಡ. ಅಷ್ಟರಲ್ಲಿ ನರ್ಸು ಕರೆದಳು. ಮಾವ ಎದ್ದರು, ಒಂದು ಕೈಯಲ್ಲಿ ಗೊರಡು, ಇನ್ನೊಂದರಲ್ಲಿ ಪಾಲಿಶ್. ಯಾವುದನ್ನೂ ಬಿಡಲಿಲ್ಲ. ನಾನೂ ಅವರ ಹಿಂದೆ ಒಳಗೆ ಹೋದೆ.

ಡಾಕ್ಟರು ಮುಚ್ಚಳ ತೆಗೆದು, ದೀಪ ಹಿಡಿದು ನೋಡಿ, ಗೋಡೆಯ ಕಡೆ ತಿರುಗಿಸಿದರು. “ಓದಿ ನೋಡೋಣ.”

“ಮ ರ ಬ ಸ ನ ಟ ಕ ಗ ಲ ಪ,” ಎಂದರು ಮಾವ, ನಲ್ಲಿ ಬಿಟ್ಟ ಹಾಗೆ.

“ಅರೆ! ನಾನು ಸಾಲು ತೋರಿಸೇ ಇಲ್ಲ, ಕಡೇ ಸಾಲಿನ ತನಕ ಓದಿಬಿಟ್ರಲ್ಲ. ತುಂಬಾ ಚೆನ್ನಾಗಿ ಬಂದಿದೆ.” ಡಾಕ್ಟರು ಬೆನ್ನು ತಟ್ಟಿ ಮೇಜಿಗೆ ಹೋದರು.

ಮಾವನ ಮುಖ ಅರಳಲಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿತ್ತು. ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ, “ಅದೆಲ್ಲ ಹೊರಗೆ ಕೂತು ಬಾಯಿಪಾಠ ಮಾಡಿದ್ದು,” ಎಂದರು.

ಕಾಣುತ್ತಿಲ್ಲವೆಂದು ಡಾಕ್ಟರು ಹೇಳಿಬಿಟ್ಟಾರೆಂಬ ಭಯಕ್ಕೆ ಕಲಿತದ್ದು. ಈಗ ಕಾಣುತ್ತಿದೆಯೋ ಇಲ್ಲವೋ ಎಂಬುದು ಅವರಿಗೇ ಖಾತ್ರಿಯಿಲ್ಲ. ಅಕ್ಷರವೆಂದು ತೋರುವುದು ಕಣ್ಣಿಗೋ ನೆನಪಿಗೋ? ಅವರು ಗೊರಡು ಹಿಡಿದು ಕಿಟಕಿಯ ಬಳಿಗೆ ಹೋದರು. ಬೆಳಕಿಗೆ ಮಗ್ಗುಲಾಗಿ ಹಿಡಿದು, ಮುಖಕ್ಕೆ ಹತ್ತಿರ ತಂದರು, ದೂರ ಒಯ್ದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

ಪಾಲಿಶ್ ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಬೆರಳು ಜೋಮು ಹಿಡಿದವು. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಯಾವುದನ್ನೂ ಮುಚ್ಚಿರಲಿಲ್ಲ ಅವನು. “ಕಾಣ್ಲಿ,” ಎನ್ನುತ್ತಿದ್ದ ಹಲ್ಲು ಕಚ್ಚಿಕೊಂಡು, “ಕಾಣ್ಲಿ, ಕಾಣ್ಲಿ, ಕಾಣ್ಲಿ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಹಜಾರದಿಂದ ಇನ್ಯಾರದೋ ಕೆಮ್ಮು ಕೇಳಿಸಿತು.

“ಇಲ್ಲಿ,” ಎಂದರು ಮಾವ.

ಉಗುರು ಒಂದು ಕಡೆ ಊರಿತು. “ಇಲ್ಲಿಂದ ಶುರು. ಹೀಗೆ ಬಂದು, ಬಾಯಿ ಪಕ್ಕ ಸ್ವಲ್ಪ ಮೇಲೆ ಹತ್ತಿದೆ. ಇಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಅಂಟು ಕುಡಿದೇ ಇಲ್ಲ. ಬಣ್ಣ ಮೆತ್ತಿದಾನೆ. ಕತ್ತೆ!”

“ಹೌದು ಮಾವ! ಅಲ್ಲೇ! ಅಲ್ಲೇ ಕುಡಿದಿಲ್ಲ!” ಎಂದು ಪಾಲಿಶ್ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮಾವ ಅವನತ್ತ ತಿರುಗಿದರು. ಕಣ್ಣು ಕೆಂಪಗೆ, ಒದ್ದೆಯಾಗಿ, ನೇರವಾಗಿ ಅವನ ಮುಖದ ಮೇಲೆ ನಿಂತಿತು. ಮೊದಲು ಅವನ ಬಲಗಿವಿ ನೋಡಿದರು, ಆಮೇಲೆ ಎಡಗಿವಿ. ಗಾಳಿ ಎಳೆದುಕೊಂಡರು. ಬಾಯಿ ತೆರೆಯಿತು.

ಡಾಕ್ಟರು ಬೆರಳೆತ್ತಿದರು.

ಬಾಯಿ ಮುಚ್ಚಿತು. ಮಾವ ತುಂಬ ಮರ್ಯಾದೆಯಿಂದ, “ಹೊಲಿಗೆ ಯಾವಾಗ ಬಿಚ್ತೀರಿ ಸ್ವಾಮಿ?” ಎಂದು ಕೇಳಿದರು.

“ಮುಂದಿನ ತಿಂಗಳು.”

ಮಾವ ಗೊರಡನ್ನು ಚೀಲಕ್ಕೆ ಹಾಕಿ, ಚೀಲವನ್ನು ಅಳಿಯನ ಕೈಗೆ ಕೊಟ್ಟರು. “ಮುಂದಿನ ತಿಂಗಳು ಮಾತಾಡೋಣ,” ಎಂದರು.

ಹೊರಗೆ ಬಿಸಿಲಿತ್ತು. ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಪಾಲಿಶನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ನಾನು ರಿಕ್ಷಾ ಕರೆಯಲು ಮುಂದೆ ಹೋಗುತ್ತಿದ್ದೆ. ಪಾಲಿಶ್ ಕತ್ತು ನೀಡಿ ನನ್ನ ಕಿವಿಯ ಬಳಿ ಪಿಸುಗುಟ್ಟಿದ:

“ಅಣ್ಣ, ಹೊಲಿಗೆ ಬಿಚ್ಚೋದು ಇನ್ನೊಂದು ಸ್ವಲ್ಪ ತಡ ಮಾಡಿ ಅಂತ ಡಾಕ್ಟ್ರನ್ನ ಕೇಳಬಹುದಾ?”